555 ಟೈಮರ್‌ನಿಂದ ಕ್ಯಾಮೆರಾ ಶಟರ್: ಬಟನ್ ಒತ್ತಿ ಹಿಡಿದ ಹಾಗೇ ಉಳಿಯುತ್ತಿದೆ, ಯಾಕೆ?

ಮೊಳಕೆಕಾಳು:

ಎಲ್ಲರಿಗೂ ನಮಸ್ಕಾರ. ಬೀಜ ಮೊಳೆತು ಮೊದಲ ಎರಡು ಎಲೆ ಬಿಡುವವರೆಗೆ ಟೈಮ್‌ಲ್ಯಾಪ್ಸ್ ತೆಗೆಯಬೇಕು. ಕ್ಯಾಮೆರಾ 2.5 ಮಿ.ಮೀ. ರಿಮೋಟ್ ಜ್ಯಾಕ್ ಇರುವ ಕ್ಯಾನನ್ ಡಿಎಸ್‌ಎಲ್‌ಆರ್. ಬ್ರೆಡ್‌ಬೋರ್ಡ್ ಮೇಲೆ ಈಗ ಇರುವುದು ಇಷ್ಟು: ಎನ್‌ಇ555 (ಟೈಮರ್ ಐಸಿ), 9 ವೋಲ್ಟ್ ಬ್ಯಾಟರಿ, ಪಿನ್ 8 ಮತ್ತು 7ರ ನಡುವೆ 470ಕೆ (ಕಿಲೋಓಮ್) ಪಾಟ್, ಅಂದರೆ ತಿರುಗಿಸಿ ಬದಲಿಸುವ ರೆಸಿಸ್ಟರ್, ಪಿನ್ 7 ಮತ್ತು 6ರ ನಡುವೆ 6.8ಕೆ, ಪಿನ್ 6ರಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಪಿನ್ 3ರಿಂದ 1ಕೆ ರೆಸಿಸ್ಟರ್ ಮೂಲಕ ಪಿಸಿ817 ಆಪ್ಟೋಕಪ್ಲರ್ (ಒಳಗಿನ ಎಲ್‌ಇಡಿಯ ಬೆಳಕಿನಿಂದ ಆಚೆ ಬದಿಯ ಸ್ವಿಚ್ ಆನ್ ಆಗುವ ಭಾಗ), ಅಲ್ಲಿಂದ ಗ್ರೌಂಡ್. ಆಪ್ಟೋದ ಆಚೆ ಬದಿ ಕ್ಯಾಮೆರಾ ಜ್ಯಾಕ್‌ಗೆ. ಜ್ಯಾಕ್‌ನ ತುದಿ ಮತ್ತು ನಡುವಿನ ಉಂಗುರ ಎರಡನ್ನೂ ಸೇರಿಸಿ ಕೊಟ್ಟಿದ್ದೇನೆ.

ತೊಂದರೆಗಳು:

ಸಿಂಗಲ್ ಮೋಡ್‌ನಲ್ಲಿ ಸುತ್ತಿಗೊಂದು ಚಿತ್ರ ಬರುತ್ತದೆ, ಆದರೆ ಉಳಿದ ಹೊತ್ತೆಲ್ಲ ಕ್ಯಾಮೆರಾ ಬಟನ್ ಒತ್ತಿ ಹಿಡಿದ ಸ್ಥಿತಿಯಲ್ಲೇ ಇರುತ್ತದೆ. ಕಂಟಿನ್ಯೂಯಸ್ ಮೋಡ್‌ಗೆ ಹಾಕಿದರೆ ಒಂದೇ ಸಮನೆ ಕ್ಲಿಕ್ಕಿಸುತ್ತದೆ.

ಸುತ್ತು 30 ಸೆಕೆಂಡಿಗೆ ಹೊಂದಿಸಿದ್ದರೂ ಮೊದಲ ಸುತ್ತು ಮಾತ್ರ 48 ಸೆಕೆಂಡ್ ಬರುತ್ತದೆ.

ಪಾಟನ್ನು ಒಂದು ಕೊನೆಗೆ ತಿರುಗಿಸಿದರೆ ಐಸಿ ಬಿಸಿಯಾಗುತ್ತದೆ.

ಎಲ್ಲಿ ತಪ್ಪಿದೆ? ಇದರಿಂದ ಕ್ಯಾಮೆರಾಗೆ ಏನಾದರೂ ಅಪಾಯ ಇದೆಯೇ?


ತವರಬೆಸುಗೆ:

ಮೊದಲು ಬಿಸಿಯ ವಿಷಯ, ಅದು ಈಗಲೇ ನಿಲ್ಲಬೇಕು. ಪಾಟ್ ಸೊನ್ನೆಗೆ ಬಂದಾಗ ಪಿನ್ 7 ನೇರವಾಗಿ 9 ವೋಲ್ಟಿಗೆ ಸೇರಿಬಿಡುತ್ತದೆ. ಪಿನ್ 7ರ ಒಳಗಿರುವುದು ಕೆಪಾಸಿಟರನ್ನು ಗ್ರೌಂಡಿಗೆ ಖಾಲಿ ಮಾಡುವ ಟ್ರಾನ್ಸಿಸ್ಟರ್. ಅದು ಆನ್ ಆದಾಗ ಬ್ಯಾಟರಿಯೇ ಅದರ ಮೂಲಕ ಶಾರ್ಟ್ ಆದಂತೆ. ಪಾಟ್ ಜತೆ ಸೀರೀಸ್‌ನಲ್ಲಿ 68ಕೆ ಹಾಕಿ, ಆಗ ಪಾಟ್ ಎಲ್ಲಿಗೆ ತಿರುಗಿಸಿದರೂ ಭಯವಿಲ್ಲ.

ಇನ್ನು ಮುಖ್ಯ ತೊಂದರೆ. ಸರ್ಕ್ಯೂಟ್ ಸರಿಯಾಗಿಯೇ ಓಡುತ್ತಿದೆ, ನೀವು ಆಪ್ಟೋವನ್ನು ತಲೆಕೆಳಗಾಗಿ ಜೋಡಿಸಿದ್ದೀರಿ ಅಷ್ಟೆ. 555ರ ಅಸ್ಟೇಬಲ್ ಜೋಡಣೆಯಲ್ಲಿ, ಅಂದರೆ ತಾನಾಗಿಯೇ ಮತ್ತೆ ಮತ್ತೆ ಹೈ-ಲೋ ಆಗುವ ಜೋಡಣೆಯಲ್ಲಿ, ಕೆಪಾಸಿಟರ್ (ಸಿ) ತುಂಬುವುದು ಆರ್1 (ನಿಮ್ಮ ಪಾಟ್) ಮತ್ತು ಆರ್2 (6.8ಕೆ) ಎರಡರ ಮೂಲಕ, ಖಾಲಿಯಾಗುವುದು ಆರ್2 ಒಂದರ ಮೂಲಕ. ತುಂಬುವಾಗ ಪಿನ್ 3 ಹೈ, ಖಾಲಿಯಾಗುವಾಗ ಲೋ. ಲೆಕ್ಕ ಹೀಗೆ:

ಹೈ ಇರುವ ಸಮಯ = 0.693 × (ಆರ್1 + ಆರ್2) × ಸಿ
ಲೋ ಇರುವ ಸಮಯ = 0.693 × ಆರ್2 × ಸಿ

ಸೂತ್ರ ನೋಡಿದರೇ ಗೊತ್ತಾಗುತ್ತದೆ, ಹೈ ಯಾವಾಗಲೂ ಲೋಗಿಂತ ಉದ್ದ. ನಿಮ್ಮ ಬೆಲೆಗಳಲ್ಲಿ ಲೋ ಬರುವುದು 0.47 ಸೆಕೆಂಡ್. ಶಟರ್ ಒತ್ತಲು ಬೇಕಾದ್ದು ಅದೇ ಅರ್ಧ ಸೆಕೆಂಡ್. ನೀವು ಹೈ ಇದ್ದಾಗ ಆಪ್ಟೋ ಹೊತ್ತಿಸುತ್ತಿದ್ದೀರಿ, ಅಂದರೆ 30 ಸೆಕೆಂಡ್ ಒತ್ತಿ ಹಿಡಿದು ಅರ್ಧ ಸೆಕೆಂಡ್ ಬಿಡುತ್ತಿದ್ದೀರಿ. ಅದನ್ನು ತಿರುಗಿಸಿ: 9 ವೋಲ್ಟಿನಿಂದ 1ಕೆ, ಅಲ್ಲಿಂದ ಆಪ್ಟೋದ ಪಿನ್ 1, ಆಪ್ಟೋದ ಪಿನ್ 2ರಿಂದ 555ರ ಪಿನ್ 3. ಈಗ ಲೋ ಆದಾಗ ಮಾತ್ರ ಆಪ್ಟೋ ಹೊತ್ತುತ್ತದೆ.

68ಕೆ ಸೇರಿಸಿದ ಮೇಲೆ ಅಂತರ ಕನಿಷ್ಠ 5.7 ಸೆಕೆಂಡ್, ಗರಿಷ್ಠ ಸುಮಾರು 38 ಸೆಕೆಂಡ್ ಬರಬೇಕು. ಬರಬೇಕು ಅಂದೆ, ಬರುತ್ತದೆ ಅನ್ನಲಿಲ್ಲ: ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಅಂದರೆ ಹೆಚ್ಚುಕಡಿಮೆ 20 ಶೇಕಡಾ ವ್ಯತ್ಯಾಸ ಮಾಮೂಲು, ಪಾಟ್ ಕೂಡ ಹಾಗೆಯೇ. ಲೆಕ್ಕದ ಬೆಲೆ ನಂಬಿ ಡಯಲ್ ಬರೆಯಬೇಡಿ, ಸ್ಟಾಪ್‌ವಾಚ್ ಹಿಡಿದು ಗುರುತು ಮಾಡಿ. ಪಾಟ್ ಲೀನಿಯರ್ ಇರಲಿ, ಲಾಗ್ ಪಾಟ್ ಆದರೆ ಗುರುತುಗಳೆಲ್ಲ ಒಂದೇ ಕಡೆ ಒತ್ತಿಕೊಳ್ಳುತ್ತವೆ. ಬ್ಯಾಟರಿ ಇಳಿದರೆ ಸಮಯ ಬದಲಾಗುತ್ತದೆಯೇ ಎಂಬ ಚಿಂತೆ ಬೇಡ. 555 ನೋಡುವುದು ತನಗೆ ಬರುವ ವೋಲ್ಟೇಜಿನ ಮೂರನೇ ಒಂದು ಮತ್ತು ಮೂರನೇ ಎರಡು ಪಾಲನ್ನು, ಆ ಪ್ರಮಾಣ ಹಾಗೆಯೇ ಉಳಿಯುತ್ತದೆ.

ಮೊದಲ ಸುತ್ತು ಉದ್ದವಾಗುವುದಕ್ಕೂ ಅದೇ ಕಾರಣ. ಸ್ವಿಚ್ ಹಾಕಿದಾಗ ಕೆಪಾಸಿಟರ್ ಸೊನ್ನೆಯಿಂದ ಮೂರನೇ ಎರಡಕ್ಕೆ ಏರಬೇಕು, ಆಮೇಲಿನ ಸುತ್ತುಗಳಲ್ಲಿ ಮೂರನೇ ಒಂದರಿಂದ ಏರಿದರೆ ಸಾಕು. ಹಾಗಾಗಿ ಮೊದಲ ಸಲ 0.693 ಬದಲು 1.1 ಪಟ್ಟು. 30 ಸೆಕೆಂಡಿಗೆ 48 ಅಂತ ನೀವು ಅಳೆದದ್ದು ಚೊಕ್ಕವಾಗಿ ಕೂಡಿಬರುತ್ತದೆ. ಅದು ದೋಷವಲ್ಲ, ಹಾಗೇ ಬಿಡಿ.

ಪಿನ್ 4 ಮತ್ತು 8 ಎರಡೂ 9 ವೋಲ್ಟಿಗೆ, 2 ಮತ್ತು 6 ಒಂದಕ್ಕೊಂದು ಸೇರಿರಬೇಕು, 5ರಿಂದ ಗ್ರೌಂಡಿಗೆ 10 ನ್ಯಾನೋಫ್ಯಾರಡ್. ಐಸಿಯ 8 ಮತ್ತು 1ರ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಒಂದು, 100 ಮೈಕ್ರೋಫ್ಯಾರಡ್ ಒಂದು. ಎನ್‌ಇ555 ಹೈ-ಲೋ ಬದಲಾಗುವ ಕ್ಷಣದಲ್ಲಿ ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆಯುತ್ತದೆ. ಈ ಎರಡು ಇಲ್ಲದಿದ್ದರೆ ಬ್ಯಾಟರಿ ಹಳತಾಗುತ್ತಿದ್ದಂತೆ ಒಂದರ ಬದಲು ಎರಡೆರಡು ಪಲ್ಸ್ ಬರಲು ಶುರು.

ಕ್ಯಾಮೆರಾ ಸುರಕ್ಷತೆ: ಜ್ಯಾಕ್‌ನ ತುದಿ ಶಟರ್, ನಡುವಿನ ಉಂಗುರ ಫೋಕಸ್, ಬುಡದ ಭಾಗ ಗ್ರೌಂಡ್. ತುದಿ ಮತ್ತು ಉಂಗುರದ ಮೇಲೆ ಕ್ಯಾಮೆರಾ ತಾನೇ ಸುಮಾರು 3.3 ವೋಲ್ಟ್ ಇಟ್ಟುಕೊಂಡಿರುತ್ತದೆ, ರಿಮೋಟ್ ಮಾಡುವುದು ಅದನ್ನು ಗ್ರೌಂಡಿಗೆ ಮುಟ್ಟಿಸುವ ಕೆಲಸ ಮಾತ್ರ. ಹೊರಗಿನಿಂದ ಅಲ್ಲಿಗೆ ವೋಲ್ಟೇಜ್ ಹೋಗಲೇಬಾರದು. ಆಪ್ಟೋ ಇರುವುದೇ ಅದಕ್ಕೆ. ಆದರೆ ಬ್ರೆಡ್‌ಬೋರ್ಡಿನ ಗ್ರೌಂಡ್ ಸಾಲಿಗೆ ಜ್ಯಾಕ್‌ನ ಬುಡವನ್ನೂ ಚುಚ್ಚಿಬಿಟ್ಟರೆ ಆ ರಕ್ಷಣೆ ಹೋಯಿತು. ಆಪ್ಟೋದ ಪಿನ್ 3 ಮತ್ತು 4ರಿಂದ ಹೊರಟ ತಂತಿಗಳು ಬೋರ್ಡಿನ ಬೇರೆ ಯಾವುದನ್ನೂ ಮುಟ್ಟಬಾರದು. ಪಿನ್ 4 ತುದಿಗೆ, ಪಿನ್ 3 ಬುಡಕ್ಕೆ.


ಮೊಳಕೆಕಾಳು:

ತುಂಬಾ ಧನ್ಯವಾದ. ನೀವು ಹೇಳಿದ ಹಾಗೆ ತಿರುಗಿಸಿ ಹಾಕಿದೆ, 68ಕೆ ಕೂಡ ಸೇರಿಸಿದೆ. ಈಗ ಅರ್ಧ ಸೆಕೆಂಡಿನ ಪಲ್ಸ್ ಸರಿಯಾಗಿ ಬರುತ್ತಿದೆ, ಮೊದಲ ಚಿತ್ರವೂ ಬಂತು. ಆದರೆ ಆಮೇಲೆ ಮೀಟರಿಂಗ್ (ಕ್ಯಾಮೆರಾ ಬೆಳಕು ಅಳೆಯುವುದು) ಆರುವುದೇ ಇಲ್ಲ, ಬಟನ್ ಅರ್ಧ ಒತ್ತಿದ ಹಾಗೆ ಉಳಿದಿದೆ. ಕೆಲವು ಪಲ್ಸ್‌ಗೆ ಕ್ಯಾಮೆರಾ ಮಿಸುಕುವುದೂ ಇಲ್ಲ. ಮಲ್ಟಿಮೀಟರ್ ಹಿಡಿದಾಗ ಪಿನ್ 3 ಹೈ ಇದ್ದಾಗ 7.7 ವೋಲ್ಟ್, ಬ್ಯಾಟರಿ 9.0. ಜ್ಯಾಕ್‌ನ ತುದಿ ಮತ್ತು ಬುಡದ ನಡುವೆ 1.2 ವೋಲ್ಟ್ ತೋರಿಸುತ್ತಿದೆ. ಜ್ಯಾಕ್ ಬಿಚ್ಚಿ ಕ್ಯಾಮೆರಾ ಕಡೆ ಮಾತ್ರ ನೋಡಿದರೆ 3.3 ಇದೆ.


ಒಂಬತ್ತುವೋಲ್ಟ್:

ಉತ್ತರ ನಿಮ್ಮ ಅಳತೆಯಲ್ಲೇ ಇದೆ. 9.0ರಲ್ಲಿ 7.7 ಕಳೆದರೆ 1.3 ವೋಲ್ಟ್. ಎನ್‌ಇ555 ಬೈಪೋಲಾರ್ ಐಸಿ, ಅದರ ಹೈ ಎಂದೂ ಪೂರ್ತಿ ಬ್ಯಾಟರಿಯ ಮಟ್ಟಕ್ಕೆ ಏರುವುದಿಲ್ಲ, 1.2ರಿಂದ 1.7 ವೋಲ್ಟ್ ಕೆಳಗೇ ನಿಲ್ಲುತ್ತದೆ. ಪಿಸಿ817 ಒಳಗಿನ ಎಲ್‌ಇಡಿ ಇನ್‌ಫ್ರಾರೆಡ್, ಅದಕ್ಕೆ 1.1 ವೋಲ್ಟ್ ಸಿಕ್ಕರೂ ಸಾಕು, ಮಿಣುಕತೊಡಗುತ್ತದೆ. ಉಳಿದ 0.2 ವೋಲ್ಟ್ 1ಕೆ ಮೇಲೆ, ಅಂದರೆ 0.2 ಮಿಲಿಆಂಪ್ ಸದಾ ಹರಿಯುತ್ತಿದೆ. ಕಡಿಮೆ ಅನಿಸಬಹುದು, ಆದರೆ ಕ್ಯಾಮೆರಾದ ಶಟರ್ ಲೈನ್ ಕೂಡ ತೀರ ಸಣ್ಣ ಕರೆಂಟಿನದ್ದು. ಆ ಮಿಣುಕಿಗೇ 3.3 ವೋಲ್ಟ್ 1.2ಕ್ಕೆ ಕುಸಿದಿದೆ. ಒತ್ತಿದ್ದೂ ಅಲ್ಲ ಬಿಟ್ಟದ್ದೂ ಅಲ್ಲ ಅನ್ನುವ ಮಟ್ಟ ಅದು. ಬಟನ್ ಪೂರ್ತಿ ಬಿಟ್ಟಿದ್ದು ಕಾಣದಿದ್ದರೆ ಕ್ಯಾಮೆರಾ ಮುಂದಿನ ಒತ್ತುವಿಕೆಯನ್ನು ಎಣಿಸುವುದಿಲ್ಲ, ಅದಕ್ಕೇ ಕೆಲವು ಪಲ್ಸ್ ವ್ಯರ್ಥ ಹೋಗುತ್ತಿವೆ.

ಇಂಥ ಸರ್ಕ್ಯೂಟ್‌ನಲ್ಲಿ ಎಲ್ಲರೂ ಆನ್ ಆಗುತ್ತದೋ ಅಂತ ನೋಡುತ್ತಾರೆ. ನಿಜಕ್ಕೂ ನೋಡಬೇಕಾದ್ದು ಪೂರ್ತಿ ಆಫ್ ಆಗುತ್ತದೋ ಅನ್ನುವುದನ್ನು.

ಪರಿಹಾರ ಎರಡಿವೆ. ಒಂದು, ಐಸಿ ತೆಗೆದು ಸಿಮಾಸ್ ಜಾತಿಯ 555 ಹಾಕಿ: ಐಸಿಎಂ7555 ಅಥವಾ ಟಿಎಲ್‌ಸಿ555. ಪಿನ್‌ಗಳೆಲ್ಲ ಅವೇ. ಇಷ್ಟು ಕಡಿಮೆ ಲೋಡಿಗೆ ಅದರ ಹೈ ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ಇರುತ್ತದೆ, ಬ್ಯಾಟರಿಯನ್ನೂ ಬಹಳ ಕಡಿಮೆ ತಿನ್ನುತ್ತದೆ.

ಎರಡನೆಯದು ಈಗಿನ ಐಸಿಯನ್ನೇ ಇಟ್ಟುಕೊಂಡು ಮಾಡುವುದು, ನನಗೆ ಇದೇ ಹೆಚ್ಚು ಇಷ್ಟ. ಎರಡು ಪಿಸಿ817 ತೆಗೆದುಕೊಳ್ಳಿ, ಒಂದು ಶಟರ್‌ಗೆ, ಒಂದು ಫೋಕಸ್‌ಗೆ. ಒಳಗಿನ ಎಲ್‌ಇಡಿಗಳನ್ನು ಸೀರೀಸ್‌ನಲ್ಲಿ ಕೊಡಿ, ಜತೆಗೆ ಹೊರಗೆ ಕಾಣುವ ಕೆಂಪು ಎಲ್‌ಇಡಿ ಒಂದು. 9 ವೋಲ್ಟ್, 680 ಓಮ್, ಕೆಂಪು ಎಲ್‌ಇಡಿ, ಮೊದಲ ಆಪ್ಟೋ, ಎರಡನೇ ಆಪ್ಟೋ, ಪಿನ್ 3. ಹೊತ್ತಲು 1.8, 1.2, 1.2 ಸೇರಿ ಒಟ್ಟು 4.2 ವೋಲ್ಟ್ ಬೇಕು, 1.3 ಸಿಕ್ಕರೆ ಮಿಸುಕುವುದಿಲ್ಲ. ಪಿನ್ 3 ಲೋ ಆದಾಗಲೂ ಅಲ್ಲಿ ಸುಮಾರು 0.1 ವೋಲ್ಟ್ ಇರುವುದರಿಂದ ರೆಸಿಸ್ಟರಿಗೆ ಉಳಿಯುವುದು 4.7 ವೋಲ್ಟ್, 680ರಿಂದ ಭಾಗಿಸಿದರೆ 6.9 ಮಿಲಿಆಂಪ್. ಬ್ಯಾಟರಿ 7 ವೋಲ್ಟಿಗೆ ಇಳಿದರೂ 4 ಮಿಲಿಆಂಪ್ ಹರಿಯುತ್ತದೆ, ಶಟರ್‌ಗೆ ಧಾರಾಳ. ಕೆಂಪು ದೀಪ ಮಿಂಚಿದರೆ ಪಲ್ಸ್ ಹೋಯಿತು ಅಂತ ದೂರದಿಂದಲೂ ಗೊತ್ತಾಗುತ್ತದೆ.

ಶಟರ್ ಮತ್ತು ಫೋಕಸ್ ತಂತಿ ಸೇರಿಸಿ ಒಂದೇ ಆಪ್ಟೋದಲ್ಲೂ ಬಹಳಷ್ಟು ಕ್ಯಾಮೆರಾ ಕೆಲಸ ಮಾಡುತ್ತವೆ ನಿಜ. ಬೇರೆ ಬೇರೆ ಇಟ್ಟರೆ ಯಾವ ಲೈನ್ ಕೈಕೊಟ್ಟಿದೆ ಅಂತ ಹುಡುಕಲು ಸುಲಭ. ತಂತಿ ಉಳಿಸಲೆಂದು ಡಯೋಡ್ ಹಾಕಿ ಎರಡೂ ಲೈನ್ ಒಂದೇ ಆಪ್ಟೋಗೆ ತರಬೇಡಿ: ಆಪ್ಟೋದ 0.2 ವೋಲ್ಟ್‌ಗೆ ಡಯೋಡ್‌ನ 0.6 ಸೇರಿ 0.8 ಆಗುತ್ತದೆ, ಕೆಲವು ಕ್ಯಾಮೆರಾ ಅದನ್ನು ಒತ್ತಿದ್ದು ಅಂತ ಒಪ್ಪುವುದಿಲ್ಲ.

ಇನ್ನೊಂದು ಮಾತು. ಪ್ರತಿ ಸಲ ಕ್ಯಾಮೆರಾ ಸಿಕ್ಕಿಸಿ ಪರೀಕ್ಷೆ ಮಾಡುವುದು ಬೇಡ. ಎರಡು 1.5 ವೋಲ್ಟ್ ಸೆಲ್ ಸೀರೀಸ್ ಮಾಡಿ, ಪ್ಲಸ್‌ನಿಂದ 47ಕೆ ರೆಸಿಸ್ಟರ್ ಮೂಲಕ ಆಪ್ಟೋದ ಪಿನ್ 4ಕ್ಕೆ, ಮೈನಸ್ಸನ್ನು ಪಿನ್ 3ಕ್ಕೆ ಕೊಡಿ. ಇದೇ ನಿಮ್ಮ ನಕಲಿ ಕ್ಯಾಮೆರಾ. ಪಿನ್ 4 ಮತ್ತು 3ರ ನಡುವೆ ಮೀಟರ್ ಹಿಡಿಯಿರಿ: ಪಲ್ಸ್ ಇಲ್ಲದಾಗ 3 ವೋಲ್ಟ್‌ಗೆ ಸಮೀಪ ಇರಬೇಕು, ಪಲ್ಸ್ ಬಂದಾಗ 0.3ಕ್ಕಿಂತ ಕೆಳಗೆ ಬೀಳಬೇಕು. ನಡುವೆ ಎಲ್ಲಿ ನಿಂತರೂ ಕ್ಯಾಮೆರಾ ಸಿಕ್ಕಿಸಬೇಡಿ, ಮೊದಲು ಕಾರಣ ಹುಡುಕಿ.


ನಿಧಾನಚಿತ್ರ:

ಸರ್ಕ್ಯೂಟ್ ಇಬ್ಬರೂ ವಿವರವಾಗಿ ಹೇಳಿದ್ದಾರೆ, ನಾನು ಕ್ಯಾಮೆರಾ ಕಡೆ ಹೇಳುತ್ತೇನೆ. ಪಲ್ಸ್ ಸರಿಯಿದ್ದೂ ಚಿತ್ರ ತಪ್ಪಿದರೆ ಮೊದಲು ನೋಡಬೇಕಾದ್ದು ಫೋಕಸ್. ಆಟೋಫೋಕಸ್ ಇದ್ದರೆ ಲೆನ್ಸ್ ಹುಡುಕಾಡುತ್ತಿರುವಾಗಲೇ ಅರ್ಧ ಸೆಕೆಂಡ್ ಮುಗಿದುಹೋಗುತ್ತದೆ, ಶಟರ್ ಬೀಳುವುದಿಲ್ಲ. ಒಮ್ಮೆ ಫೋಕಸ್ ಮಾಡಿ ಲೆನ್ಸಿನ ಸ್ವಿಚ್ಚನ್ನು ಮ್ಯಾನುಯಲ್‌ಗೆ ತಳ್ಳಿ. ಎಕ್ಸ್‌ಪೋಶರ್ ಮ್ಯಾನುಯಲ್, ವೈಟ್ ಬ್ಯಾಲೆನ್ಸ್ ಕೂಡ ಒಂದಕ್ಕೆ ನಿಲ್ಲಿಸಿ, ಆಟೋ ಬಿಟ್ಟರೆ ಚಿತ್ರದಿಂದ ಚಿತ್ರಕ್ಕೆ ಬಣ್ಣ ಅಲುಗುತ್ತದೆ. ಡ್ರೈವ್ ಮೋಡ್ ಸಿಂಗಲ್ ಇರಲಿ, ಇಲ್ಲದಿದ್ದರೆ ಅರ್ಧ ಸೆಕೆಂಡಿನಲ್ಲೇ ಎರಡು ಮೂರು ಚಿತ್ರ ಬೀಳುತ್ತವೆ. ಇಮೇಜ್ ರಿವ್ಯೂ ಆಫ್. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಕೂಡ ಆಫ್: ಅದು ಆನ್ ಇದ್ದರೆ 10 ಸೆಕೆಂಡಿನ ಎಕ್ಸ್‌ಪೋಶರ್ ಆದ ಮೇಲೆ ಕ್ಯಾಮೆರಾ ಇನ್ನೂ 10 ಸೆಕೆಂಡ್ ಶಟರ್ ಮುಚ್ಚಿ ಕಪ್ಪು ಚಿತ್ರ ತೆಗೆದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ಬಂದ ಪಲ್ಸ್ ವ್ಯರ್ಥ.

ಆಟೋ ಪವರ್ ಆಫ್ ಆಗಿ ನಿದ್ದೆಗೆ ಹೋದ ಕ್ಯಾಮೆರಾ ಮೊದಲ ಪಲ್ಸಿಗೆ ಎಚ್ಚರವಾಗಿ ಸುಮ್ಮನಿರುವುದೂ ಉಂಟು. ಆರ್2ವನ್ನು 6.8ಕೆ ಬದಲು 15ಕೆ ಮಾಡಿ, ಪಲ್ಸ್ 1 ಸೆಕೆಂಡ್ ಆಗುತ್ತದೆ, ಎದ್ದು ಕ್ಲಿಕ್ಕಿಸಲು ಹೆಚ್ಚಾಗಿ ಅಷ್ಟು ಸಾಕು. ಆಮೇಲೂ ತಪ್ಪಿದರೆ ಆಟೋ ಪವರ್ ಆಫ್ ನಿಲ್ಲಿಸಿ, ಬ್ಯಾಟರಿ ಜಾಗಕ್ಕೆ ಕೂರುವ ಅಡಾಪ್ಟರ್ ಬಳಸಿ.

ಒಂದು ಲೆಕ್ಕ ಮಾತ್ರ ಈಗಲೇ ಮಾಡಿಕೊಳ್ಳಿ. ಮೂರು ದಿನ ಅಂದರೆ 2,59,200 ಸೆಕೆಂಡ್. 30 ಸೆಕೆಂಡಿಗೊಂದರಂತೆ 8,640 ಚಿತ್ರ, ಸೆಕೆಂಡಿಗೆ 25 ಫ್ರೇಮ್ ಓಡಿಸಿದರೆ ಸುಮಾರು 6 ನಿಮಿಷದ ವಿಡಿಯೋ. ಕಾರ್ಡ್ ತುಂಬುತ್ತದೆ, ಶಟರ್ ಸುಮ್ಮನೆ ಸವೆಯುತ್ತದೆ. 5 ನಿಮಿಷಕ್ಕೊಂದು ತೆಗೆದರೆ 864 ಚಿತ್ರ, ಸುಮಾರು 35 ಸೆಕೆಂಡ್. ಮೊಳಕೆಗೆ ಅದೇ ಸರಿಯಾದ ವೇಗ. 5 ಸೆಕೆಂಡ್ ಅಂತರವೆಲ್ಲ ಮೋಡಕ್ಕೆ.

ಬೆಳಕು ಹಗಲು-ರಾತ್ರಿ ಒಂದೇ ಥರ ಇರುವ ಹಾಗೆ ಕಿಟಕಿ ಮುಚ್ಚಿ ದೀಪ ಇಡಿ. ಆದರೂ ವಿಡಿಯೋ ಮಿಣುಕುತ್ತಿದ್ದರೆ ಅದು ಲೆನ್ಸಿನ ಅಪರ್ಚರ್: ಪ್ರತಿ ಚಿತ್ರಕ್ಕೂ ಎಲೆಗಳು ಮುಚ್ಚಿ ತೆರೆಯುವಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗುತ್ತದೆ. ಅಪರ್ಚರ್ ಪೂರ್ತಿ ತೆರೆದಿಟ್ಟು ತೆಗೆದರೆ ಎಲೆಗಳು ಚಲಿಸುವುದೇ ಇಲ್ಲ, ಮಿಣುಕೂ ಇಲ್ಲ. ಡೆಪ್ತ್ (ಸ್ಪಷ್ಟವಾಗಿ ಕಾಣುವ ಆಳ) ಕಡಿಮೆಯಾಗುತ್ತದೆ, ಕ್ಯಾಮೆರಾವನ್ನು ಸ್ವಲ್ಪ ಹಿಂದೆ ಸರಿಸಿ.


ಮೊಳಕೆಕಾಳು:

ಎರಡು ಆಪ್ಟೋ ಮತ್ತು ಕೆಂಪು ಎಲ್‌ಇಡಿ ಹಾಕಿದೆ. ಸೆಲ್ ಪರೀಕ್ಷೆಯಲ್ಲಿ ಆಫ್ ಇದ್ದಾಗ 3.0, ಪಲ್ಸ್‌ನಲ್ಲಿ 0.1. ಕ್ಯಾಮೆರಾ ಸಿಕ್ಕಿಸಿ 60 ಪಲ್ಸ್ ಓಡಿಸಿದೆ, 60 ಚಿತ್ರ ಬಂತು. ಮೀಟರಿಂಗ್ ಕೂಡ ಈಗ ಆರುತ್ತಿದೆ. ಎಲ್ಲರಿಗೂ ಧನ್ಯವಾದ.

5 ನಿಮಿಷದ ಅಂತರಕ್ಕೆ 1000 ಮೈಕ್ರೋಫ್ಯಾರಡ್ ಹಾಕಿ ಪಾಟ್ ಜಾಗದಲ್ಲಿ 430ಕೆ ಇಟ್ಟರೆ ಸಾಕಲ್ಲವೇ? ಲೆಕ್ಕಕ್ಕೆ ಬರುತ್ತದೆ.


ತವರಬೆಸುಗೆ:

ಲೆಕ್ಕಕ್ಕೆ ಬರುತ್ತದೆ, ಕೆಪಾಸಿಟರ್ ಒಪ್ಪುವುದಿಲ್ಲ. ತುಂಬುವ ಕೊನೆಯ ಕ್ಷಣದಲ್ಲಿ ಕೆಪಾಸಿಟರ್ 6 ವೋಲ್ಟಿನಲ್ಲಿರುತ್ತದೆ, ರೆಸಿಸ್ಟರ್ ಮೇಲೆ ಉಳಿಯುವುದು 3 ವೋಲ್ಟ್. 430ಕೆ ಮೂಲಕ ಅದು 7 ಮೈಕ್ರೋಆಂಪ್. ಎಲೆಕ್ಟ್ರೋಲಿಟಿಕ್ ಒಳಗೇ ಒಂದಿಷ್ಟು ಕರೆಂಟ್ ಸೋರುತ್ತದೆ, ಕೆಪಾಸಿಟಿ ದೊಡ್ಡದಾದಷ್ಟೂ ಸೋರಿಕೆ ಹೆಚ್ಚು. ಬರುವ 7 ಮೈಕ್ರೋಆಂಪೂ ಸೋರಿಹೋದರೆ ಕೆಪಾಸಿಟರ್ 6 ವೋಲ್ಟ್ ಮುಟ್ಟುವುದೇ ಇಲ್ಲ, ಟೈಮರ್ ಅಲ್ಲೇ ನಿಂತುಬಿಡುತ್ತದೆ. ಅರ್ಧ ಸೋರಿದರೆ 5 ನಿಮಿಷದ ಜಾಗದಲ್ಲಿ ಎಷ್ಟೋ ಆಗುತ್ತದೆ, ಅದೂ ಬಿಸಿಲು ಚಳಿಗೆ ಬದಲಾಗುತ್ತದೆ. ಬಹಳ ಕಾಲ ಸುಮ್ಮನೆ ಬಿದ್ದಿದ್ದ ಕೆಪಾಸಿಟರ್ ಆದರೆ ಇನ್ನೂ ಕಷ್ಟ. ಮೇಲಾಗಿ 1000 ಮೈಕ್ರೋಫ್ಯಾರಡಿಗೆ 6.8ಕೆ ಆರ್2 ಇಟ್ಟರೆ ಪಲ್ಸ್ 4.7 ಸೆಕೆಂಡ್ ಆಗುತ್ತದೆ, ಅದನ್ನೂ 680 ಓಮ್‌ಗೆ ಇಳಿಸಬೇಕು.

ಉದ್ದ ಸಮಯಕ್ಕೆ ಸರಿಯಾದ ದಾರಿ ಎಣಿಸುವುದು. ಸಿಡಿ4060 ಎಂಬ ಎಣಿಸುವ ಐಸಿ ತನ್ನ ಆಸಿಲೇಟರಿನ ಬೇಗ ಬೇಗ ಬರುವ ಮಿಡಿತವನ್ನು 14 ಸಲ ಎರಡರಿಂದ ಭಾಗಿಸುತ್ತದೆ, ಅಂದರೆ 16,384 ಪಟ್ಟು. ಪಿನ್ 9ಕ್ಕೆ 0.1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್, ಪಿನ್ 10ಕ್ಕೆ 82ಕೆ, ಪಿನ್ 11ಕ್ಕೆ 680ಕೆ, ಈ ಮೂರರ ಇನ್ನೊಂದು ತುದಿಗಳನ್ನು ಒಂದೇ ಕಡೆ ಸೇರಿಸಿ. ಪಿನ್ 12 ಮತ್ತು 8 ಗ್ರೌಂಡಿಗೆ, 16 ಬ್ಯಾಟರಿಗೆ. ಒಂದು ಮಿಡಿತ 2.3 × 82ಕೆ × 0.1 ಮೈಕ್ರೋಫ್ಯಾರಡ್ = ಸುಮಾರು 18.9 ಮಿಲಿಸೆಕೆಂಡ್. ಅದರ 16,384 ಪಟ್ಟು 309 ಸೆಕೆಂಡ್, ಪಿನ್ 3ರಲ್ಲಿ ಸಿಗುತ್ತದೆ. ಅದರ ಅರ್ಧ ಪಿನ್ 2ರಲ್ಲಿ, ಕಾಲುಭಾಗ ಪಿನ್ 1ರಲ್ಲಿ. ಫಿಲ್ಮ್ ಕೆಪಾಸಿಟರ್ ಆದ್ದರಿಂದ ಸೋರಿಕೆಯ ಕಾಟ ಇಲ್ಲ.

ಸಿಡಿ4060 ಕೊಡುವುದು ಅರ್ಧ ಹೊತ್ತು ಹೈ, ಅರ್ಧ ಹೊತ್ತು ಲೋ. ಅದನ್ನು ಅರ್ಧ ಸೆಕೆಂಡಿಗೆ ಕತ್ತರಿಸಲು ನಿಮ್ಮ 555ನ್ನೇ ಮಾನೋಸ್ಟೇಬಲ್ (ಟ್ರಿಗರ್ ಬಂದಾಗಲೆಲ್ಲ ಒಂದೇ ಪಲ್ಸ್ ಕೊಡುವ ಜೋಡಣೆ) ಮಾಡಿ: ಪಿನ್ 6 ಮತ್ತು 7 ಸೇರಿಸಿ, ಅಲ್ಲಿಂದ ಬ್ಯಾಟರಿಗೆ 47ಕೆ, ಗ್ರೌಂಡಿಗೆ 10 ಮೈಕ್ರೋಫ್ಯಾರಡ್. 1.1 × 47ಕೆ × 10 ಮೈಕ್ರೋಫ್ಯಾರಡ್ = 0.52 ಸೆಕೆಂಡ್. ಪಿನ್ 2 ಈಗ 6ಕ್ಕೆ ಸೇರಬಾರದು, ಅದಕ್ಕೆ ಬ್ಯಾಟರಿಯಿಂದ 10ಕೆ, ಸಿಡಿ4060ರ ಪಿನ್ 3ರಿಂದ 10 ನ್ಯಾನೋಫ್ಯಾರಡ್ ಮೂಲಕ ಟ್ರಿಗರ್. ಪಿನ್ 2ರಿಂದ ಬ್ಯಾಟರಿಗೆ 1ಎನ್4148 ಡಯೋಡ್ ಒಂದು, ಪಟ್ಟೆ ಇರುವ ಬದಿ ಬ್ಯಾಟರಿ ಕಡೆ. ಸಿಡಿ4060 ಹೈಗೆ ಏರುವಾಗ ಪಿನ್ 2 ಬ್ಯಾಟರಿಗಿಂತ ಮೇಲೆ ಜಿಗಿಯದಂತೆ ಅದು ತಡೆಯುತ್ತದೆ.


ಒಂಬತ್ತುವೋಲ್ಟ್:

ತವರಬೆಸುಗೆ ಅವರ ಮಾತಿಗೆ ಒಂದು ಸೇರಿಸಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನ ತೊಂದರೆಗೇ ಬರುತ್ತೀರಿ. ಮಾನೋಸ್ಟೇಬಲ್‌ನಲ್ಲಿ ಪಲ್ಸ್ ಹೈ ಬರುತ್ತದೆ, ಉಳಿದ ಹೊತ್ತು ಲೋ. ಹಾಗಾಗಿ ಆಪ್ಟೋ ಸಾಲನ್ನು ಮತ್ತೆ 555ರ ಪಿನ್ 3ರಿಂದ ಗ್ರೌಂಡಿಗೆ ತಿರುಗಿಸಿ. ಹೈ 7.7 ಇರುವುದರಿಂದ 680 ಬದಲು 470 ಓಮ್ ಹಾಕಿ, 7.4 ಮಿಲಿಆಂಪ್ ಸಿಗುತ್ತದೆ. ಈ ಜೋಡಣೆಯಲ್ಲಿ ಆಫ್ ಅಂದರೆ ಸೊನ್ನೆ ವೋಲ್ಟ್, ಮಿಣುಕುವ ಪ್ರಶ್ನೆಯೇ ಇಲ್ಲ.

ಪರೀಕ್ಷೆಗೆ 5 ನಿಮಿಷ ಕಾಯುತ್ತ ಕೂರಬೇಡಿ. ಟ್ರಿಗರ್ ತಂತಿಯನ್ನು ಸಿಡಿ4060ರ ಪಿನ್ 3ರಿಂದ ಕಿತ್ತು ಅದರ ಪಿನ್ 15ಕ್ಕೆ ಚುಚ್ಚಿ, ಅಲ್ಲಿ 19 ಸೆಕೆಂಡಿಗೊಂದು ಪಲ್ಸ್. ಹತ್ತು ಪಲ್ಸಿಗೆ ಹತ್ತು ಚಿತ್ರ ಬಂದ ಮೇಲೆ ಪಿನ್ 3ಕ್ಕೆ ಮರಳಿಸಿ, ಬೀಜ ನೆನೆಸಿಡಿ.